ಅಕ್ಕನ ಕಡೆಯ ಚಕ್ರ

ಫೆಬ್ರವರಿ 4, ಬೆಳಿಗ್ಗೆ 6:40

ಹಿಂದಿನ ಟೈರ್‌ಗಳ ಗಾಳಿ ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿಸಿ ಕಾರ್ಟನ್ನು ಮನೆ ಮುಂದಿನ ಏರು ಹತ್ತಿಸಿದೆ. ಅರ್ಧಕ್ಕೆ ಅದೇ ಕಥೆ — ಎಡಚಕ್ರ ಜಲ್ಲಿಯ ಮೇಲೆ ಬುರ್ರೆಂದು ತಿರುಗಿತು, ಬಲಚಕ್ರ ತನಗೆ ಸಂಬಂಧವೇ ಇಲ್ಲವೆಂಬಂತೆ ನಿಂತಿತು. ಹಿಂದಿನೆರಡು ಚಕ್ರಕ್ಕೆ ಮೋಟಾರಿನ ಶಕ್ತಿ ಹಂಚುವ ಓಪನ್ ಡಿಫರೆನ್ಷಿಯಲ್‌ನ ಹಣೆಬರಹವೇ ಇಷ್ಟು. ಹಿಡಿತವಿಲ್ಲದ ಚಕ್ರ ಕುಣಿಯುತ್ತದೆ, ದುಡಿಯಬಲ್ಲದ್ದು ಸುಮ್ಮನಿರುತ್ತದೆ. ಡಿಪೋದಲ್ಲಿ ಇಪ್ಪತ್ತೊಂಬತ್ತು ವರ್ಷ ಬಸ್ಸು ರಿಪೇರಿ ಮಾಡಿದವಳಿಗೆ ಒಂದು ಹಳೇ ಗಾಲ್ಫ್ ಕಾರ್ಟ್ ಚಳ್ಳೆಹಣ್ಣು ತಿನ್ನಿಸುತ್ತಿದೆ.

ರಿವರ್ಸಿನಲ್ಲಿ ಇಳಿದೆ. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು.

ಫೆಬ್ರವರಿ 9, ಮಧ್ಯಾಹ್ನ

ಹೊಸ ಟೈರ್, ದಪ್ಪ ಹಲ್ಲಿನವು. ಹತ್ತು ಮಾರು ಹೆಚ್ಚು ಹತ್ತಿತು. ತಿರುವಿಗೆ ಮುಂಚೆ ಮತ್ತೆ ಬುರ್ರ್...

ನಿವೃತ್ತ ಪೋಸ್ಟ್‌ಮಾಸ್ಟರು ಮೇಲಿಂದ ಇಳಿದು ಬಂದರು. ಏರಿನ ತುದಿಯಲ್ಲಿರುವ ಓದುವ ಕೋಣೆಯಲ್ಲಿ ದಿನಾ ಚೆಸ್ ಆಡುತ್ತಾರೆ. ಅಕ್ಕ ಮಂಡಿ ಕೆಟ್ಟು ಮನೆ ಹಿಡಿದ ಮೇಲೆ ಅವರೇ ಚಾಂಪಿಯನ್.

"ಹಗ್ಗ ತರ್ಲೇನಮ್ಮಾ? ಎಳೆದುಬಿಡೋಣ."

"ನಿಮ್ಮ ರಾಜನ್ನ ನೀವು ನೋಡ್ಕೊಳ್ಳಿ ಸಾರ್. ಮಾರ್ಚ್ ಹದಿನೈದಕ್ಕೆ ಅಕ್ಕ ಟೂರ್ನಮೆಂಟಿಗೆ ಬರ್ತಾಳೆ."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಒಳಗಿದ್ದ ಅಕ್ಕ ಕೇಳಿಸಿಕೊಂಡು ಫೋನಿನಲ್ಲೇ ಹೆಸರು ಕೊಟ್ಟುಬಿಟ್ಟಿದ್ದಾಳೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ತಲೆಗೂದಲಿಗೆ ಬಣ್ಣ ಬೇಕೆಂದಳು. ಈಗ ಹಿಂದೆ ಸರಿಯುವ ಹಾಗಿಲ್ಲ.

ಫೆಬ್ರವರಿ 16

ಹಿಂದುಗಡೆ ನಾಲ್ಕು ಮೂಟೆ ಮರಳು ಹೇರಿದೆ. ಏರಿನಲ್ಲಿ ಮುಂದಿನ ಚಕ್ರಗಳೇ ಹಗುರಾಗಿ ಸ್ಟಿಯರಿಂಗ್ ಮಾತು ಕೇಳಲಿಲ್ಲ. ಗೋಡೆಗೆ ಉಜ್ಜಿದೆ. ಮೊಣಕೈ ತರಚಿತು.

"ಮರಳು ಯಾಕೇ? ನಾನಿಲ್ವಾ, ಎಂಬತ್ತೆರಡು ಕೆಜಿ?" ಅಂದಳು ಅಕ್ಕ.

"ಬಾಯಿ ಮುಚ್ಕೊಂಡು ಕೂತ್ಕೋ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇದೇ ಏರಿನಲ್ಲಿ ನನ್ನ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದೇ ಅವಳ ಎಡಮಂಡಿ ಹೋದದ್ದು. ನಾಯಿ ಅಡ್ಡ ಬಂತು, ಗಕ್ಕನೆ ಬ್ರೇಕ್ ಹಿಡಿದವಳು ನಾನು. ಖಾಲಿ ಕಾರ್ಟ್ ಮೂರು ಸಲ ಪೂರ್ತಿ ಹತ್ತುವವರೆಗೆ ಅವಳನ್ನು ಅದರಲ್ಲಿ ಕೂರಿಸುವುದಿಲ್ಲ. ಆಣೆ.

ಮಾರ್ಚ್ 2, ಬೆಳಿಗ್ಗೆ 8

ಎರಡು ವಾರ ಬರೆದಿಲ್ಲ. ಬರೆಯಲು ಏನಿತ್ತು? ಸೋತೆ, ಸೋತೆ, ಸೋತೆ. ಎರಡೂ ಚಕ್ರವನ್ನು ಒಟ್ಟಿಗೆ ದುಡಿಸುವ ಡಿಫರೆನ್ಷಿಯಲ್ ಈ ಮಾಡೆಲ್‌ಗೆ ಸಿಗುವುದಿಲ್ಲ. ಒಳಗೆ ವೆಲ್ಡ್ ಮಾಡಿದರೆ ತಿರುವಿನಲ್ಲಿ ಆಕ್ಸಲ್ ಮುರಿದೀತು.

ಇವತ್ತು ಕಾಫಿ ಕುಡಿಯುವಾಗ ಅಕ್ಕ:

"ಒಂದ್ಮಾತು ಹೇಳ್ಲಾ? ಬೈಬಾರ್ದು. ತಿಂಗಳಿಂದ ನೋಡ್ತಿದ್ದೀನಿ. ಯಾವಾಗ್ಲೂ ತಿರುಗೋದು ಎಡಚಕ್ರಾನೇ. ನೀನು ಕೂರೋದು ಬಲಗಡೆ. ನನ್ನ ಸೀಟು ಖಾಲಿ."

ಕಾಫಿ ಕಪ್ಪು ಕೆಳಗಿಟ್ಟು ಹಣೆ ಚಚ್ಚಿಕೊಂಡೆ.

ಮಂಗ ನಾನು, ಮಂಗ! ನನ್ನ ಭಾರವೆಲ್ಲ ಬಲಕ್ಕೆ, ಅವಳ ಕಡೆಯ ಚಕ್ರ ಹಗುರ. ಬಸ್ಸಿನಲ್ಲಿ ಡ್ರೈವರ್ ತೂಕ ಯಾರು ಕೇಳುತ್ತಾರೆ? ಈ ಆಟಿಕೆಗೆ ನಾನೇ ಏಳರಲ್ಲೊಂದು ಪಾಲು. ಬಸ್ಸಿನ ಬುದ್ಧಿ ತಂದು ಇದಕ್ಕೆ ಉಪಯೋಗಿಸಿದೆ. ಅವಳ ಸೀಟಿನ ಮೇಲೆ ಮರಳು ಕಟ್ಟಿ ನೋಡೋಣ ಅಂದೆ.

"ಕಟ್ಟು. ಟೂರ್ನಮೆಂಟಿಗೂ ಮರಳನ್ನೇ ಕಳಿಸು."

ಮಾರ್ಚ್ 3

ಆಣೆ ಮುರಿದೆ. ಅಕ್ಕ ಕೂತಳು. ಬೆಲ್ಟ್ ಬಿಗಿದೆ, ಎರಡು ಸಲ ಎಳೆದು ನೋಡಿದೆ.

ಅರ್ಧ ಏರು ಹೂವೆತ್ತಿದ ಹಾಗೆ ಹತ್ತಿತು! ಆದರೆ ತಿರುವಿನಲ್ಲಿ ನೀರು ಕೊರೆದ ಗುಂಡಿಯಿದೆ. ಎಡಚಕ್ರ ಅದರಲ್ಲಿ ಇಳಿದು ತಿರುಗತೊಡಗಿತು. ಅಕ್ಕ ಕಿರುಚಲಿಲ್ಲ. ನಾನು ಕಿರುಚಿದೆ. ಮೆಲ್ಲಗೆ ಹಿಂದಕ್ಕೆ ಇಳಿದು ಬಂದೆವು. ಇನ್ನು ಹನ್ನೆರಡು ದಿನ.

ಮಾರ್ಚ್ 7, ಸಂಜೆ 5

ಹೊಳೆಯಿತು. ಸುಮ್ಮನೆ ತಿರುಗುವ ಚಕ್ರವನ್ನಷ್ಟೇ ಬ್ರೇಕಿನಿಂದ ಹಿಡಿದರೆ ಮೋಟಾರಿನ ಶಕ್ತಿ ಇನ್ನೊಂದಕ್ಕೆ ಹೋಗಲೇಬೇಕು. ಕಾಲಿನ ಬ್ರೇಕ್ ಇದ್ದ ಹಾಗೇ ಇರಲಿ. ಹಿಂದಿನ ಒಂದೊಂದು ಚಕ್ರಕ್ಕೆ ಒಂದೊಂದು ಕೇಬಲ್, ಒಂದೊಂದು ಕೈಲಿವರ್. ಅವು ಅಕ್ಕನ ಮುಂದೆ. ನನ್ನ ಎರಡು ಕೈ ಸ್ಟಿಯರಿಂಗಿಗೇ ಬೇಕು.

ಲಿವರ್ ಎಲ್ಲಿಂದ? ಶೆಡ್ಡಿನಲ್ಲಿ, ಟಾರ್ಪಾಲಿನ್ ಕೆಳಗೆ ಸ್ಕೂಟರ್ ಇದೆ. ಅವತ್ತಿನಿಂದ ಮುಟ್ಟಿಲ್ಲ. ಅರ್ಧ ಗಂಟೆ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಆಮೇಲೆ ಅದರ ಎರಡೂ ಕೈಲಿವರ್ ಬಿಚ್ಚಿದೆ.

ಮಾರ್ಚ್ 8, ಮಧ್ಯಾಹ್ನ 12

ಅಕ್ಕ ಕಾರ್ಟಿನಲ್ಲಿ ಕೂತು ಲಿವರ್ ಮುಟ್ಟಿದಳು. ತುದಿ ಸೊಟ್ಟಗಿದ್ದದ್ದು ಬೆರಳಿಗೆ ತಗುಲಿತು.

"ಇದು ಸ್ಕೂಟರ್‌ದಲ್ವೇನೇ?"

"ಹೂಂ."

"ಅವತ್ತು ನಿನ್ ತಪ್ಪೇನಿಲ್ಲ ಕಣೇ. ನಾನೇ ಎರಡು ಕೈನೂ ಬಿಟ್ಟು ಕೊಡೆ ಬಿಚ್ತಿದ್ದೆ. ಹೇಳೋಕೆ ನಾಚಿಕೆ ಆಯ್ತು. ನೀನು ಬೇರೆ ಮುಖ ಊದಿಸ್ಕೊಂಡು ಅಷ್ಟು ಸೇವೆ ಮಾಡ್ತಿದ್ದೆ... ಅದೂ ಹಿತವಾಗಿತ್ತು."

ಹದಿನೈದು ತಿಂಗಳು! ಅಳುವುದೋ ಬೈಯುವುದೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಅವಳು ಸೆರಗು ಕೊಟ್ಟಳು. ಮೂಗು ಒರೆಸಿಕೊಂಡು ಕೀ ತಿರುಗಿಸಿದೆ.

ಜಲ್ಲಿ ದಾಟಿತು. ತಿರುವು. ಗುಂಡಿ. ಎಡಚಕ್ರ ಬುರ್ರ್—

"ಎಡ!"

"ಹಿಡ್ದೆ!"

ಬಲಚಕ್ರ ನೆಲ ಕಚ್ಚಿತು. ಒಂದು ಕುಲುಕು, ಕಾರ್ಟ್ ಗುಂಡಿಯಿಂದ ಎದ್ದು ಬಂತು. "ಬಿಡು!" ಅನ್ನುವ ಮುಂಚೆಯೇ ಬಿಟ್ಟಿದ್ದಳು. ಸದ್ದಿನಲ್ಲೇ ಗೊತ್ತಾಗುತ್ತದಂತೆ. ತುದಿ ತಲುಪಿದೆವು! ಅಕ್ಕ ಕೆಳಗಿನ ಬಯಲನ್ನು ಕಣ್ತುಂಬ ನೋಡಿದಳು. "ಇನ್ನೊಂದ್ಸಲ," ಅಂದಳು. ಮೂರು ಸಲ ಹತ್ತಿದೆವು. ಡಿಪೋದಲ್ಲಿ ಯಾವ ಇಂಜಿನ್ ಎದ್ದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಮಾರ್ಚ್ 15, ಸಂಜೆ

ಗೆದ್ದಳು! ಮೂವತ್ತೊಂದನೇ ನಡೆಗೆ ಪೋಸ್ಟ್‌ಮಾಸ್ಟರು ಸೋಲೊಪ್ಪಿ ತಮ್ಮ ರಾಜನನ್ನು ತಾವೇ ಮಲಗಿಸಿದರು. ಕೋಣೆಯಲ್ಲಿ ಚಪ್ಪಾಳೆ. ಆಚೆ ಬಂದು ಕಾರ್ಟಿನ ಕೆಳಗೆ ಬಗ್ಗಿ ನೋಡಿದರು.

"ಇದನ್ನ ಯಾರು ಹೇಳ್ಕೊಟ್ರಮ್ಮಾ?"

"ನೀವು ಹಗ್ಗ ತರ್ತೀನಿ ಅಂದ್ರಲ್ಲ ಸಾರ್, ಅದೇ ಸಾಕಾಯ್ತು."

ಇಳಿಯುವಾಗ ಹಿಂದೆ ಅವರೂ ಕೂತರು. ದಾರಿಯುದ್ದಕ್ಕೂ ಅಕ್ಕನ ಕುದುರೆಯನ್ನು ಬೈಯುತ್ತಿದ್ದರು. ಹಿಂದಿನ ಭಾರಕ್ಕೆ ಮರಳಿಗಿಂತ ಮೇಲು, ಆದರೆ ಬಾಯಿ ಜಾಸ್ತಿ.

ಮಾರ್ಚ್ 16, ಬೆಳಿಗ್ಗೆ 6:40

ಕೇಬಲ್‌ಗೆ ಗ್ರೀಸ್ ಹಾಕಬೇಕು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ಹೊಸ ರಾಗ ತೆಗೆದಳು. ಕಾರ್ಟಿಗೆ ಬೇಕಾದದ್ದು ಬಲಗಾಲು ಒಂದೇ, ತನ್ನ ಬಲಗಾಲು ಗಟ್ಟಿಯಾಗಿದೆ, ಇನ್ನು ತಾನೇ ಓಡಿಸುತ್ತಾಳಂತೆ. "ನೀನು ನನ್ನ ಸೀಟಲ್ಲಿ ಕೂತ್ಕೋ. ಎರಡು ಕೈಲೂ ಹಿಡ್ಕೋ. ಕೊಡೆ ಗಿಡೆ ಬೇಡ."

ಸಾಧ್ಯವೇ ಇಲ್ಲ ಅಂದೆ. ಕೀ ನನ್ನ ಹತ್ತಿರವೇ ಇರುತ್ತದೆ, ಬಾಗಿಲ ಹಿಂದಿನ ಮೊಳೆಯಲ್ಲಿ—

ಮೊಳೆ ಖಾಲಿ. ಹೊರಗೆ ಹಾರ್ನ್. ಮತ್ತೆ ಹಾರ್ನ್. ಬಂದೆ ಕಣೇ, ಬಂದೆ, ಬೆಲ್ಟ್ ಹಾಕ್ಕೋ ಮೊದಲು—