ಎಡಕ್ಕೆ ಎಳೆಯುವ ಗಾಡಿ

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆಯಿಂದ ಲಿಖಿತನ ಕೆಂಪು ಸ್ಪೋರ್ಟ್ಸ್ ಕಾರು. ನನ್ನ ತಮ್ಮ ಮುನಿಕೃಷ್ಣನ ಮಗ; ಶೆಡ್ಡಿನ ಬೇರೆ ಕೆಲಸ ಪಕ್ಕಕ್ಕಿಟ್ಟೆ. ಎಷ್ಟು ತಗ್ಗಿಸಿದ್ದಾನೆಂದರೆ ಗಾಡಿಯ ಕೆಳಗೆ ನನ್ನ ಮುಷ್ಟಿ ತೂರುವುದೂ ಕಷ್ಟ. ನಾಲ್ಕು ಚಕ್ರಗಳನ್ನೂ ನೆಲಕ್ಕೆ ಹಾಸಿದ ಕಬ್ಬಿಣದ ಪ್ಲೇಟುಗಳ ಮೇಲೆ ನಿಲ್ಲಿಸಿ, ಅವನ ತೂಕದಷ್ಟು ಮರಳುಮೂಟೆ ಡ್ರೈವರ್ ಸೀಟಿಗೆ ಹಾಕಿ, ಸ್ಪ್ರಿಂಗಿನ ರಿಂಗ್ ತಿರುಗಿಸಿ ನಾಲ್ಕೂ ಮೂಲೆಯ ಎತ್ತರ ಹೊಂದಿಸಿದೆ. ಆಮೇಲೆ ಚಕ್ರಗಳ ಉದ್ದಕ್ಕೂ ದಾರ ಎಳೆದು, ನೇರ ನೋಡಿ ಅಲೈನ್‌ಮೆಂಟ್.

"ದೊಡ್ಡಪ್ಪ, ಈಗ್ಲೂ ದಾರಾನಾ? ಕಂಪ್ಯೂಟರ್ ಬಂದು ಎಷ್ಟ್ ವರ್ಷ ಆಯ್ತು!"

"ದಾರ ನಿನ್ನಂಗೆ ಎದುರು ಮಾತಾಡಲ್ಲ ಕಣೋ."

ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಓಡಿಸುತ್ತಾನಂತೆ. ಇಷ್ಟವಿಲ್ಲ. ಆದರೂ ಮಾಡಿಕೊಟ್ಟೆ.

ಅಕ್ಟೋಬರ್ 8, ಬುಧವಾರ

ಲಿಖಿತ ಮತ್ತೆ ಬಂದ. ಮುಖ ಗಂಟು.

"ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೀತಿದೆ."

ಪ್ಲೇಟುಗಳ ಮೇಲೆ ಹತ್ತಿಸಿ ಅಳೆದೆ. ಒಂದು ಮಿಲಿಮೀಟರ್ ವ್ಯತ್ಯಾಸವಿಲ್ಲ. ಕಂಪ್ಯೂಟರ್ ಮೆಷಿನ್ ಇರುವ ಯಾವುದೋ ಅಂಗಡಿಯಲ್ಲೂ ತೋರಿಸಿದನಂತೆ. ಅಲ್ಲೂ ಅಲೈನ್‌ಮೆಂಟ್ ಸರಿಯೆಂದು ಪರದೆಯಲ್ಲಿ ಎಲ್ಲ ಹಸಿರು. ನನ್ನ ಕೆಲಸವನ್ನು ಇನ್ನೊಬ್ಬನಿಗೆ ತೋರಿಸಿದ್ದು... ಅದೇ ಉರಿಯಿತು. ಪಕ್ಕದ ಲೇತ್ ಅಂಗಡಿಯ ದೇವರಾಜ್ ಟೀ ಹಿಡಿದು ನೋಡುತ್ತಿದ್ದ.

"ಗಾಡಿ ಸರಿಯಾಗೈತೆ. ನಡುಗ್ತಿರೋದು ನಿನ್ ಕಾಲು. ಹೋಗಿ ಸೈಕಲ್ ತುಳಿ."

ದೇವರಾಜ್ ಹೊಟ್ಟೆ ಹಿಡಿದು ನಕ್ಕ. ಲಿಖಿತನ ಕಿವಿ ಕೆಂಪಾಯಿತು.

"ಸರಿ. ಭಾನುವಾರ ಇದೇ ಸೆಟ್ಟಿಂಗಲ್ಲಿ ಫುಲ್ ಸ್ಪೀಡ್ ಹೋಗ್ತೀನಿ. ಯಾರ್ ಕಾಲು ನಡುಗುತ್ತೆ ನೋಡೋಣ."

"ಹೋಗೋ ಹೋಗು! ಈ ಶೆಡ್ಡಿಗೆ ಕಾಲಿಡಬೇಡ!"

ಅಕ್ಟೋಬರ್ 9, ಗುರುವಾರ

ಮುನಿಕೃಷ್ಣನ ಫೋನ್.

"ಅಣ್ಣಾ, ಕಂಡೋರ್ ಮುಂದೆ ನನ್ ಮಗನ ಮರ್ಯಾದೆ ತೆಗೆದ್ಯಂತೆ?"

"ನಿನ್ ಮಗನಿಗೆ ಓಡಿಸಕ್ಕೆ ಬರಲ್ಲ."

ಇಟ್ಟುಬಿಟ್ಟ. ನಾನೂ ಮತ್ತೆ ಮಾಡಲಿಲ್ಲ.

ಅಕ್ಟೋಬರ್ 11, ಶನಿವಾರ

ಕುಂದಲಹಳ್ಳಿಯ ಶೈಲಜಾ ಮೇಡಂ ಗಾಡಿ ವಾಪಸ್ ಬಂತು. ಅದೂ ತಗ್ಗಿಸಿದ್ದೇ, ಮಂಗಳವಾರ ಹೊಂದಿಸಿ ಕೊಟ್ಟದ್ದು. ಅದೇ ದೂರು. ಅದೇ ಎಡ. ಇಬ್ಬರ ಕಾಲೂ ನಡುಗುತ್ತದೆಯೇ?

ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದೆ. ನನ್ನ ನೆಲ ಮೋರಿಯ ಕಡೆಗೆ ಇಳಿಜಾರು. ಅದಕ್ಕೆಂದೇ ನಾಲ್ಕು ಪ್ಲೇಟಿಗೆ ನಾಲ್ಕು ದಪ್ಪ, ಹಿಂಬದಿಯಲ್ಲಿ ನಂಬರು. ಎತ್ತಿ ನೋಡಿದೆ. ಎರಡರ ಜಾಗದಲ್ಲಿ ಮೂರು. ಮೂರರ ಜಾಗದಲ್ಲಿ ಎರಡು. ಎತ್ತರ ತಪ್ಪಿದರೆ ಗಾಡಿಯ ತೂಕ ಒಂದೇ ಕಡೆ ಬಿದ್ದು ಬ್ರೇಕಿಗೆ ಎಳೆಯುತ್ತದೆ; ಮೆಷಿನ್ ಚಕ್ರದ ನೇರ ತೋರಿಸುತ್ತದೆ, ತೂಕವನ್ನಲ್ಲ.

ಆಯುಧಪೂಜೆಗೆ ಎತ್ತಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಹಾಸಿದ್ದು — ನಾನೇ. ಬುಧವಾರ ಅದೇ ತಪ್ಪು ಪ್ಲೇಟುಗಳ ಮೇಲೆ ಅಳೆದು ಮಗುವಿಗೆ ಬೈದೆ. ನಾಳೆ ಆ ವೇಗದಲ್ಲಿ ಬ್ರೇಕ್ ಒತ್ತಿದರೆ...

ಲಿಖಿತನಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮಾಕಳಿಗೆ, ಅವರ ಮನೆಗೇ ಹೋದೆ. ಮುನಿಕೃಷ್ಣ ಒಳಗಿಂದ ಎದ್ದು ಬರಲಿಲ್ಲ. ಅವನ ಹೆಂಡತಿ ಮಾಲಾ ಬಾಗಿಲಲ್ಲೇ ಹೇಳಿದಳು, "ಆಗ್ಲೇ ಹೊರಟೋದ ಭಾವ. ಟ್ರ್ಯಾಕ್ ಹತ್ರಾನೇ ಫ್ರೆಂಡ್ಸ್ ಜೊತೆ ಇರ್ತಾನಂತೆ."

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ 7.10

ಮೊದಲ ಬಸ್ಸು ಹಿಡಿದು ಟ್ರ್ಯಾಕಿನ ಗೇಟಿಗೆ ಬಂದೆ. ವಾಚ್‌ಮನ್ ಹೇಳಿಕಳಿಸಿದ ಮೇಲೆ ಲಿಖಿತ ಹೆಲ್ಮೆಟ್ ಹಿಡಿದೇ ಬಂದ. ಎಲ್ಲ ಹೇಳಿದೆ. ಓಡಿಸಬೇಡ ಅಂದೆ.

"ಬೈಯೋದು ದೇವರಾಜಣ್ಣನ ಮುಂದೆ. ತಪ್ಪು ಒಪ್ಕೊಳ್ಳೋದು ಇಲ್ಲಿ, ಯಾರೂ ಇಲ್ದಾಗ. ಅಲ್ವಾ ದೊಡ್ಡಪ್ಪ?"

ನನ್ನ ಜೇಬಿನ ಫೋನಿನ ಕಡೆ ಬೊಟ್ಟು ಮಾಡಿದ.

"ಅವ್ರಿಗೆ ಫೋನ್ ಮಾಡಿ ಹೇಳಿ. ನನ್ನ ಮುಂದೇನೇ. ಇಲ್ಲಾಂದ್ರೆ ಎಂಟಕ್ಕೆ ನನ್ ಟರ್ನು, ಹೋಗ್ತೀನಿ."

7.30

ದೇವರಾಜ್ ಎತ್ತುತ್ತಿಲ್ಲ. ಭಾನುವಾರ, ಮಲಗಿರಬೇಕು. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವನಿಗೆ ಗೊತ್ತಾದರೆ ಸಂಜೆಯೊಳಗೆ ನಮ್ಮ ಶೆಡ್ಡಿರುವ ಇಡೀ ಪೀಣ್ಯಕ್ಕೆ ಗೊತ್ತು. ತಪ್ಪು ನನ್ನದು ಎಂಬ ಮಾತು ನಲವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಬಾಯಿಂದ ಬಂದಿಲ್ಲ. ಲಿಖಿತ ಹತ್ತು ಹೆಜ್ಜೆ ಆಚೆ, ನನಗೆ ಬೆನ್ನು ಹಾಕಿ ನಿಂತಿದ್ದಾನೆ. ಒಳಗೆ ಗಾಡಿಗಳು ಸಾಲುಗಟ್ಟುತ್ತಿವೆ.

7.52

ಫೋನ್ ಬಂತು. ದೇವರಾಜ್. ಲಿಖಿತ ತಿರುಗಿದ. ಸ್ಪೀಕರ್ ಹಾಕಿ ಅಂತ ಸನ್ನೆ. ಹಾಕಿದೆ. "ದೇವರಾಜ, ಮೊನ್ನೆ ನಡುಗಿದ್ದು ಲಿಖಿತನ ಕಾಲಲ್ಲ; ಪ್ಲೇಟು ಅದಲುಬದಲು ಹಾಸಿದ್ದ ತಪ್ಪು ನಂದೇ ಕಣೋ."