ಜೋಡಿಯಿಲ್ಲದ ಪೆಟ್ಟಿಗೆ

ಕೊಳಾಲ
೩-೧೧-೨೦೨೫, ಸೋಮವಾರ

ನನ್ನ ಮುದ್ದಿನ ಸ್ನೇಹಲತಾ,

ಹೇಗಿದ್ದೀಯವ್ವ? ನಿಂತು ನಿಂತು ಬರುತ್ತಿದ್ದ ಕಾಲುನೋವು ಕಡಿಮೆಯಾಯಿತೇ? ಮಂಗಳೂರಿನ ಆಸ್ಪತ್ರೆಯಲ್ಲಿ ರೋಗಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸುವ ನರ್ಸಮ್ಮ ತಾನು ಮಾತ್ರ ಹೊತ್ತು ಮೀರಿ ಉಣ್ಣುತ್ತಾಳೆ ಎಂದು ಅಳಿಯಂದಿರು ದೂರು ಹೇಳಿದರು. ಇಲ್ಲಿ ನಾನು, ನಿನ್ನ ತಮ್ಮ ಜಯರಾಮು, ಕುರಿಗಳು ಎಲ್ಲ ಚೆನ್ನಾಗಿದ್ದೇವೆ. ಈ ಸುದ್ದಿ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮದುವೆಯ ವಿಡಿಯೋ ಡಿಸ್ಕಿನಲ್ಲಿ ನಿಮ್ಮವ್ವ ಸೋಬಾನೆ ಹಾಡುವಾಗ ಬಾಯಿ ಆಡುತ್ತದೆ, ದನಿಯಿಲ್ಲ, ಬರೀ ವಾಲಗ. ಅವಳು ತೀರಿಕೊಂಡ ಮೇಲೆ ಅದನ್ನು ನೋಡಿ, “ಅವ್ವನ್ನ ಮೂಗಿ ಮಾಡ್ಬುಟ್ಟವ್ನೆ ಸ್ಟುಡಿಯೋದವ್ನು, ಇನ್ನು ಇದನ್ನ ನೋಡಕಿಲ್ಲ” ಎಂದು ಎದ್ದು ಹೋದವಳು ನೀನು ಇತ್ತ ತಲೆ ಹಾಕಿಲ್ಲ. ವಿಡಿಯೋ ಮಾಡಿದ ಆ ಶಿರಾದ ಹುಡುಗನನ್ನು ನಾನೂ ಬಾಯಿಗೆ ಬಂದಂತೆ ಬೈದಿದ್ದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ನಮ್ಮ ಟೀವಿಯ ಹೋಮ್ ಥಿಯೇಟರ್ ಸೆಟ್ಟಿನಲ್ಲಿ ನಾಲ್ಕು ಸಣ್ಣ ಸ್ಪೀಕರ್ ಪೆಟ್ಟಿಗೆ ಜೋಡಿ ಜೋಡಿ, ನೆಲದ ಮೇಲೆ ದಪ್ಪನೆಯದೊಂದು, ಉದ್ದನೆಯದು ಒಂಟಿ. ಜೋಡಿಯಿಲ್ಲದ್ದು ಮನೆಯಲ್ಲಿ ಯಾಕೆ ಬೇಕೆಂದು, ರೇಡಿಯೊ ಸದ್ದಿಗೆ ಚಿರತೆ ಹೆದರಲಿ ಅಂತ, ತಂತಿ ಎಳೆದು ಅದನ್ನು ಹಿತ್ತಲಿನ ಕುರಿ ರೊಪ್ಪಕ್ಕೆ ಕಟ್ಟಿದ್ದೆನಲ್ಲ. ಮೊನ್ನೆ ನಾನು ಡಿಸ್ಕ್ ಹಾಕಿಕೊಂಡು ಕೂತಿದ್ದಾಗ, ಕುರಿ ಈಯುತ್ತಿದೆಯೆಂದು ರೊಪ್ಪಕ್ಕೆ ಹೋಗಿದ್ದ ಜಯರಾಮು ಓಡಿ ಬಂದ. “ಅಪ್ಪಾ, ಅಲ್ಲಿ ಅವ್ವ ಹಾಡ್ತಾವ್ಳೆ ಕಣಪ್ಪಾ!” ಹಿಂದೊಮ್ಮೆ ಪಕ್ಕದ ಮನೆ ಬಸವಮ್ಮ “ರೊಪ್ಪದಾಗೆ ಹೊನ್ನಕ್ಕನ ದನಿ ಕೇಳ್ತು ಕಣಣ್ಣ” ಎಂದಾಗ ನಾವು ಹೆದರಿ ನಿಂಬೆಹಣ್ಣು ಕಟ್ಟಿಸಿದ್ದೆವು, ಫೋನಿನಲ್ಲಿ ಹೇಳಿದ್ದೆನಲ್ಲ. ನಿಮ್ಮವ್ವನನ್ನು ಓಡಿಸಲು ನಿಂಬೆಹಣ್ಣು! ಗೊತ್ತಾಗಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದಳು.

ಮಧುಗಿರಿಯ ರಿಪೇರಿ ಅಂಗಡಿಯ ಅಂಜಿನಮೂರ್ತಿ ಬಿಡಿಸಿ ಹೇಳಿದ. ಇಂಥ ಡಿಸ್ಕಿನಲ್ಲಿ ಸದ್ದುಗಳಿಗೆ ಬೇರೆ ಬೇರೆ ದಾರಿಯಂತೆ. ವಾಲಗ ಎಡಬಲಕ್ಕೆ, ಜನರ ಗದ್ದಲ ಹಿಂದಕ್ಕೆ, ಡೋಲಿನ ಗುಮ್ಮೆನ್ನುವ ಸದ್ದು ದಪ್ಪ ಪೆಟ್ಟಿಗೆಗೆ. ಮೈಕಿನಲ್ಲಿ ಆಡಿದ್ದು, ಹಾಡಿದ್ದು ಮಾತ್ರ ನಡುವಿನ ಉದ್ದ ಪೆಟ್ಟಿಗೆಗೆ. ಅದನ್ನೇ ನಾನು ಕುರಿಗಳಿಗೆ ಕೊಟ್ಟಿದ್ದೆ. ನಾವಿಲ್ಲಿ ಅವಳ ಬರೀ ಬಾಯಿ ನೋಡಿಕೊಂಡು ಅಳುವಾಗಲೆಲ್ಲ ಅವು ಅವಳ ಹಾಡು ಕೇಳುತ್ತಾ ಮೆಲುಕು ಹಾಕುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತದೆ ಕಣವ್ವ.

ಈಗ ಪೆಟ್ಟಿಗೆ ಟೀವಿಯ ಕೆಳಗೆ ಬಂದಿದೆ. ಆ ದನಿ ಮನೆಯೊಳಗೆ ಬಂದಾಗಿನಿಂದ ಅವಳಿಲ್ಲವೆನ್ನುವುದು ಇನ್ನೂ ಜಾಸ್ತಿ ಕಾಡುತ್ತಿದೆ. ನಿನ್ನನ್ನು ನೋಡಬೇಕೆನಿಸುತ್ತಿದೆ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ನಿಮ್ಮಿಬ್ಬರ ಬಾಳು ತಣ್ಣಗಿರಲಿ.

ನಿನ್ನ ಅಪ್ಪ,
ಗಂಗಣ್ಣ

ಬರೆಯಲು ಮರೆತೆ: ಹಾಡು ಮುಗಿದ ಮೇಲೆ, ಕೈಯಲ್ಲಿ ಮೈಕಿರುವುದು ನೆನಪಿಲ್ಲದೆ, ನಿಮ್ಮವ್ವ ನಿನ್ನ ಕಡೆ ತಿರುಗಿ “ಸ್ನೇಹಾ, ಉಂಡ್ಯೇನವ್ವಾ?” ಅನ್ನುತ್ತಾಳೆ. ನಿನ್ನ ಕೈಯಲ್ಲಿ ಮೈಕಿರಲಿಲ್ಲವಲ್ಲ, ನೀನು ಏನೆಂದೆಯೋ ಯಾವ ಪೆಟ್ಟಿಗೆಯಲ್ಲೂ ಕೇಳಿಸುವುದಿಲ್ಲ. ಒಂದು ಸಲ ಬಂದು, ಅವಳ ಮುಂದೆ ಕೂತು, ಹೇಳಿ ಹೋಗು.