ಶೆಡ್ಡಿನ ನೆಲಕ್ಕೆ ನೀರು ಎಲ್ಲಿಂದ?

ಬಾರ್ನ್ಸ್ಲಿ,
ಭಾನುವಾರ, ೨೩ ನವೆಂಬರ್ ೧೯೫೮

ಪ್ರೀತಿಯ ಕ್ಲಿಫ್,

ಕೆಮ್ಮು ಹೇಗಿದೆ? ಸ್ಯಾನಟೋರಿಯಂನವರು ಕೊಡುವ ಹಾಲನ್ನು ನೀನೇ ಕುಡಿಯುತ್ತೀಯೋ, ಪಕ್ಕದ ಮಂಚದವನಿಗೆ ಸಾಗಹಾಕುತ್ತೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಾನೂ ಮಾವನೂ ಚೆನ್ನಾಗಿದ್ದೇವೆ.

ಹೊರಡುವಾಗ ನೀನು ಹೇಳಿದ್ದು ಒಂದೇ ಮಾತು: "ಶೆಡ್ಡಿನ ನೆಲ ಒಣಗಿರ್ಲಿ. ಡೇಲಿಯಾ ಗೆಡ್ಡೆ ಕೊಳೆತ್ರೆ ನಾನು ವಾಪಸ್ ಬಂದು ಮಾಡೋದೇನು?" ಹೆಂಡತಿಯ ಬಗ್ಗೆ ಒಂದು ಮಾತಿಲ್ಲ, ಇರಲಿ. ಆದರೆ ನೀನು ಹೋದಾಗಿನಿಂದ ಆ ನೆಲ ದಿನಾ ಬೆಳಿಗ್ಗೆ ಒದ್ದೆ. ಮಳೆಯಿಲ್ಲದ ದಿನವೂ ಒದ್ದೆ. ಪಕ್ಕದ ತೋಟದ ಹೊರೇಸ್, ಕಾಂಕ್ರೀಟು ಕೆಳಗಿನಿಂದ ನೀರು ಹೀರುತ್ತಿದೆ, ಒಡೆದು ಹಾಕಿ ಎಂದ. ಮಾವನನ್ನು ಕೇಳಿದರೆ ಕುರ್ಚಿಯಿಂದ ಏಳದೆ, "ಹಾಕ್ದೋನನ್ನೇ ಕೇಳು" ಎಂದರು. ಹೂವಿನ ಪ್ರದರ್ಶನದಲ್ಲಿ ನೀನು ಅವರನ್ನು ಸೋಲಿಸಿದಾಗಿನಿಂದ, ಒಂದೇ ಮೇಜಿಗೆ ಕೂತು "ಉಪ್ಪು ಕೊಡೋಕೆ ಹೇಳು ಅವನಿಗೆ" ಅನ್ನುವ ಅಪ್ಪ ಮಗ ನೀವು. ನಡುವೆ ಉಪ್ಪು ದಾಟಿಸಿ ದಾಟಿಸಿ ನನ್ನ ಕೈ ಸವೆದಿದೆ.

ನನಗೋ ತಲೆಗೆ ಹುಳ ಬಿಟ್ಟ ಹಾಗಾಯಿತು. ಒಡೆಯುವ ಮೊದಲು ನೋಡೋಣ ಎಂದು, ನೆಲ ಒರೆಸಿ, ಅಡುಗೆಮನೆ ಮೇಜಿನ ಹಳೆಯ ರೆಕ್ಸಿನ್ ಹಾಸಿ, ಅಂಚಿಗೆಲ್ಲ ಇಟ್ಟಿಗೆ ಪೇರಿಸಿ ಬಂದೆ. ಮರುದಿನ ಎತ್ತಿದರೆ ಅಡಿ ಪೂರ್ತಿ ಒಣ, ಮೇಲೆ ಮಾತ್ರ ಹನಿ ಹನಿ ನೀರು. ನೀನು ಹಾಕಿದ ನೆಲದ ತಪ್ಪಿಲ್ಲ ಕ್ಲಿಫ್, ನೀರಿದ್ದದ್ದು ಶೆಡ್ಡಿನ ಗಾಳಿಯಲ್ಲಿ. ಗಾಳಿಗೆ ಎಲ್ಲಿಂದ ಬಂತು? ಸೀಮೆಎಣ್ಣೆ ವಾಸನೆ ಹಿಡಿದು ಹುಡುಕಿದರೆ ಗೋಣಿಚೀಲಗಳ ಹಿಂದೆ ನಮ್ಮ ಮನೆಯ ಹೀಟರ್, ಇನ್ನೂ ಬೆಚ್ಚಗಿತ್ತು. ಬಾಗಿಲು ಹಾಕಿ, ಹಚ್ಚಿ ಕಾದೆ. ಸ್ವಲ್ಪ ಹೊತ್ತಿಗೇ ಕಿಟಕಿಯ ಗಾಜು ಬೆವರಿ ನೀರಿಳಿಯಿತು. ಸೀಮೆಎಣ್ಣೆ ಉರಿದರೆ ನೀರೂ ಹುಟ್ಟುತ್ತದೆಂದು ಯಾರಿಗೆ ಗೊತ್ತಿತ್ತು!

ಅಷ್ಟರಲ್ಲಿ ಎಣ್ಣೆ ಡಬ್ಬ ಹಿಡಿದು ಒಳಬಂದವರು ಮಾವ. ನಾನು ಏಳುವ ಮೊದಲೇ ದಿನಾ ಬಂದು ಗೆಡ್ಡೆಗಳಿಗೆಂದು ಹೀಟರ್ ಹಚ್ಚುತ್ತಿದ್ದರಂತೆ. "ಚಳಿ ಹೊಡೆದ್ರೆ ಸತ್ತೋಗ್ತವಲ್ಲಮ್ಮ. ಅವನಿಗೆ ಹೇಳ್ಬೇಡ," ಎಂದರು. ಗಾಜು ತೋರಿಸಿದೆ. ಪಾಪ, ಮುಖ ಚಿಕ್ಕದಾಯಿತು. ಇಬ್ಬರೂ ಸೇರಿ ಹೀಟರ್ ಮನೆಗೆ ತಂದೆವು, ಗಾಳಿಯಾಡಲು ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟು, ಗೆಡ್ಡೆಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಹಲಗೆ ಮೇಲೇರಿಸಿದೆವು. ಒಂದೆರಡು ಮೆತ್ತಗಾಗಿದ್ದವು, ಉಳಿದವು ಗಟ್ಟಿಯಾಗಿವೆ. ನೆಲ ಈಗ ಒಣಗಿದೆ.

ಹಾಲು ಕುಡಿ. ದೇವರು ನಿನ್ನನ್ನು ಬೇಗ ಮನೆ ಸೇರಿಸಲಿ.

ನಿನ್ನ,
ಹಿಲ್ಡಾ

ಮರೆತೆ, ಇದೊಂದು ಹೇಳಬೇಕಿತ್ತು. ಶೆಡ್ಡಿನಲ್ಲಿ ಮಾವ ಎರಡು ಸ್ಟೂಲು ಹಾಕಿದ್ದಾರೆ. ಇನ್ನೊಂದು ಯಾರಿಗೆ ಎಂದೆ. "ಬಂದ್ಮೇಲೆ ಬಹಳ ಹೊತ್ತು ನಿಲ್ಲೋಕಾಗಲ್ಲ ಅವನಿಗೆ," ಎಂದರು. ಮುಂದಿನ ಪತ್ರ ಅವರ ಹೆಸರಿಗೇ ಬರೆ. ಇನ್ನು ಮೇಲೆ ನಾನು ಉಪ್ಪು ದಾಟಿಸುವುದಿಲ್ಲ.